ಆಕಾಶ ಇವತ್ತು ಎಷ್ಟು ನೀಲಿ?

ಪರಿಸರ ಗಮನಿಸುವ ಶಿಬಿರಗಳಲ್ಲಿ ನಾನು ಮೊದಲು ಕೈಗೆ ಕೊಡುವುದು ವಾಟರ್ ಕಲರ್ ಡಬ್ಬಿ. "ನನಗೆ ಚಿತ್ರ ಬಿಡಿಸೋಕೆ ಬರಲ್ಲಪ್ಪ" ಎಂದು ಯಾರಾದರೊಬ್ಬರು ಹಿಂದೆ ಸರಿಯುತ್ತಾರೆ. ಬರಬೇಕಾಗಿಯೂ ಇಲ್ಲ. ತಲೆಯ ಮೇಲಿನ ನೀಲಿಗೂ ಕಾಗದದ ನೀಲಿಗೂ ತಾಳೆ ನೋಡಲು ಬಂದರೆ ಸಾಕು.

ದಪ್ಪ ಕಾಗದದ ಒಂದು ಪಟ್ಟಿ. ಒಂದು ತುದಿ ಬಿಳಿ, ಇನ್ನೊಂದು ತುದಿ ಕಡುನೀಲಿ, ನಡುವೆ ಹತ್ತು ಹದಿನೈದು ಮನೆ. ಪ್ರತಿ ಮನೆಗೂ ಒಂದು ಸಂಖ್ಯೆ. ಪಟ್ಟಿಯನ್ನು ಆಕಾಶದತ್ತ ಹಿಡಿದು, ಹೊಂದುವ ಸಂಖ್ಯೆ ಬರೆದುಕೊಳ್ಳುವುದು. ಐಡಿಯಾ ನನ್ನದಲ್ಲ. ಜಿನೀವಾದ ವಿಜ್ಞಾನಿ ಸೊಸ್ಯೂರ್ 1789ರ ಸುಮಾರಿಗೆ ಪ್ರಷ್ಯನ್ ನೀಲಿ ಬಳಿದ 50ಕ್ಕೂ ಹೆಚ್ಚು ಕಾಗದದ ಚೂರುಗಳನ್ನು ಚಕ್ರದಂತೆ ಜೋಡಿಸಿ 'ಸಯಾನೋಮೀಟರ್', ಅಂದರೆ ನೀಲಿ ಅಳೆಯುವ ಸಾಧನ, ಮಾಡಿದ್ದರು. ಜರ್ಮನ್ ಪರಿಶೋಧಕ ಹಂಬೋಲ್ಟ್ ಅದನ್ನು ದಕ್ಷಿಣ ಅಮೆರಿಕದ ಬೆಟ್ಟಗಳಿಗೂ ಹೊತ್ತೊಯ್ದರು.

ಗಾಳಿಯ ಅಣುಗಳು ನೀಲಿ ಬೆಳಕನ್ನು ಜಾಸ್ತಿ ಚದುರಿಸುತ್ತವೆ. ಧೂಳಿನ ಕಣ, ನೀರಿನ ಹನಿ ಅವಕ್ಕಿಂತ ಎಷ್ಟೋ ದೊಡ್ಡವು. ಅವು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಥರ ಚದುರಿಸುತ್ತವೆ. ಅವು ಹೆಚ್ಚಿದಷ್ಟೂ ಆಕಾಶ ಬಿಳಿಚಿಕೊಳ್ಳುತ್ತದೆ. ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಧೂಳಿದೆ ಎಂದು ಪಟ್ಟಿ ಹೇಳುವುದಿಲ್ಲ, ಅದಕ್ಕೆ ಯಂತ್ರವೇ ಬೇಕು. ಆದರೆ ಒಂದೇ ಜಾಗದಿಂದ ತಿಂಗಳುಗಟ್ಟಲೆ ನೋಡಿದರೆ ಏರಿಳಿತ ಕಣ್ಣಿಗೆ ಹೊಡೆಯುತ್ತದೆ.

ಸುಮ್ನೆ ಫೋಟೊ ತೆಗೆದರೆ ಆಗಲ್ವಾ? ಆಗಲ್ಲ. ಮೊಬೈಲ್ ಕ್ಯಾಮೆರಾ ನಮ್ಮನ್ನು ಕೇಳದೆ ಬಣ್ಣ ತಿದ್ದುತ್ತದೆ. ಮಂಕು ಆಕಾಶಕ್ಕೂ ಮೇಕಪ್ ಹಾಕಿ ಕೊಡುತ್ತದೆ. ಎರಡು ಫೋನಿದ್ದರೆ ಎರಡು ನೀಲಿ.

ಪಟ್ಟಿಯೂ ಮೋಸ ಮಾಡಬಹುದು, ನಾವು ಬಿಟ್ಟರೆ. ಮೊದಲ ಸಲ ಆಕಾಶದ ಯಾವ ಭಾಗ ನೋಡಬೇಕು ಎಂದು ನಾನು ಹೇಳಿರಲೇ ಇಲ್ಲ. ಕೆಲವರು ನೆತ್ತಿ ನೋಡಿದರು, ಕೆಲವರು ದಿಗಂತ. ದಿಗಂತದ ಕಡೆ ಆಕಾಶ ಯಾವಾಗಲೂ ಬಿಳಿಚು. ಮೂರು ವಾರದ ಲೆಕ್ಕ ಕಸದ ಬುಟ್ಟಿಗೆ ಹೋಯಿತು. ಈಗ ಬಿಗಿ ಮಾಡಿದ್ದೇನೆ: ಸೂರ್ಯ ಬೆನ್ನ ಹಿಂದಿರಬೇಕು, ಪಟ್ಟಿಯ ಮೇಲೆ ಬಿಸಿಲು ಬೀಳಬೇಕು, ದಿನವೂ ಅದೇ ಹೊತ್ತು, ಆಕಾಶದ ಅದೇ ಎತ್ತರ, ಮೋಡವಿಲ್ಲದ ತುಂಡು. ಎಲ್ಲರ ಪಟ್ಟಿಗೂ ಒಬ್ಬರೇ, ಒಂದೇ ಬಟ್ಟಲಿನ ಬಣ್ಣ ಬಳಿಯಬೇಕು. ಕೆಲಸ ಮುಗಿದ ಮೇಲೆ ಪಟ್ಟಿ ಪುಸ್ತಕದೊಳಗೆ. ಬಿಸಿಲಲ್ಲಿ ಬಿಟ್ಟರೆ ಬಣ್ಣ ಮಾಸುತ್ತದೆ, ಅದರ ಪಕ್ಕ ಆಕಾಶವೇ ಹೆಚ್ಚು ನೀಲಿ ಕಾಣುತ್ತದೆ, ಆಮೇಲೆ ಗಾಳಿ ಶುದ್ಧವಾಯಿತೆಂದು ಸುಳ್ಳೇ ಖುಷಿಪಡುತ್ತೇವೆ!

ನೀರಿಗೂ ಇಂಥದ್ದೇ ಅಳತೆಯಿದೆ. ಫೊರೆಲ್-ಉಲೆ ಮಾಪಕದಲ್ಲಿ ನೀಲಿಯಿಂದ ಕಂದಿನವರೆಗೆ 21 ಬಣ್ಣ.

ಚಿತ್ರ ಬರಲ್ಲ ಎಂದಿದ್ದವರೊಬ್ಬರು ಈಗ ದಿನಕ್ಕೊಂದು ಚೌಕದಂತೆ ಆ ದಿನದ ನೀಲಿಯನ್ನು ದೊಡ್ಡ ಹಾಳೆಯ ಮೇಲೆ ತುಂಬುತ್ತಿದ್ದಾರೆ. ಗೋಡೆಗೆ ಹಾಕಿದರೆ ಕೌದಿಯಂತೆ ಕಾಣುತ್ತದೆ. ನಡುವೆ ಏಳು ಚೌಕ ಖಾಲಿ. ಆ ವಾರ ಅವರು ಊರಲ್ಲಿರಲಿಲ್ಲ. "ಅಂದಾಜಿನ ಮೇಲೆ ತುಂಬಿಬಿಡಮ್ಮಾ, ಚೆನ್ನಾಗಿ ಕಾಣುತ್ತೆ" ಎಂದು ಮಗ ಹೇಳಿದನಂತೆ. ಅವರು ಕೇಳಲಿಲ್ಲ.