ಬಿಸಿಲೂರಿನ ನೀರಲ್ಲಿ ಎಣ್ಣೆ ಏನಾಗುತ್ತದೆ?

ಸಿಂಧನೂರು, ಗಂಗಾವತಿ ಕಡೆ ಬೆಳೆಗೆ ಔಷಧಿ ಸಿಂಪಡಿಸುವುದಕ್ಕೆ ‘ಎಣ್ಣೆ ಹೊಡೆಯೋದು’ ಅಂತಾರೆ. ಹೊಡೆದದ್ದು ಗದ್ದೆಯ ನೀರಿಗೂ ಬೀಳುತ್ತದಲ್ಲ ಎಂದು ಕೇಳಿದರೆ ಉತ್ತರ ರೆಡಿ ಇರುತ್ತದೆ: ‘ನಮ್ಮ ಬಿಸಿಲಿಗೆ ಅದೆಲ್ಲಿ ಉಳೀತದ್ರೀ?’ ಆ ಮಾತಲ್ಲಿ ಅರ್ಧ ನಿಜ ಇದೆ.

ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಜೋಳದ ಎರೆಹೊಲಗಳು ಗದ್ದೆಗಳಾದವು. ಭತ್ತದ ಹಿಂದೆ ಪೈರಿನ ರಸ ಹೀರುವ ಜಿಗಿಹುಳು ಬಂತು, ಅದರ ಹಿಂದೆ ಎಣ್ಣೆ. ಅಣೆಕಟ್ಟು ಕಟ್ಟುತ್ತಿದ್ದ ಕಾಲಕ್ಕೆ ಜಗತ್ತು ಡಿಡಿಟಿಯ ಗುಂಗಿನಲ್ಲಿತ್ತು. ಅದು ಕೀಟ ಕೊಲ್ಲುತ್ತದೆಂದು ಕಂಡುಕೊಂಡ ಪಾಲ್ ಮ್ಯುಲ್ಲರ್‌ಗೆ 1948ರಲ್ಲಿ ನೊಬೆಲ್ ಬಂದಿತ್ತು. ಬೇಗ ಹಾಳಾಗಲ್ಲ ಅನ್ನೋದೇ ಅದರ ಹೆಗ್ಗಳಿಕೆ. 1957ರಲ್ಲಿ ಬ್ರಿಟಿಷ್ ವಿಜ್ಞಾನಿ ಜೇಮ್ಸ್ ಲವ್‌ಲಾಕ್ ಇಂಥ ಕ್ಲೋರಿನ್ ರಾಸಾಯನಿಕಗಳ ಚೂರುಪಾರನ್ನೂ ಹಿಡಿಯುವ ಸಾಧನ ಮಾಡಿದ. ಆಮೇಲೆ ಎಲ್ಲಿ ಹುಡುಕಿದರೂ ಡಿಡಿಟಿ ಸಿಗತೊಡಗಿತು.

ಹಾಗಾಗಿ ಬೇಗ ಒಡೆಯುವ ಔಷಧಿಗಳು ಬಂದವು. ಅವು ಬೆಳಕಿಗೆ ಎಷ್ಟು ಹೊತ್ತಲ್ಲಿ ಒಡೆಯುತ್ತವೆ ಎಂದು ಅಳೆಯುವುದು ಲ್ಯಾಬಿನ ಕೆಲಸವಾಯಿತು. ವಿಧಾನ ಸರಳ. ಔಷಧಿ ಬೆರೆಸಿದ ನೀರನ್ನು ಕ್ವಾರ್ಟ್ಜ್ ಕೊಳವೆಗೆ ತುಂಬಿ ಅತಿನೇರಳೆ ದೀಪದ ಮುಂದೆ ಇಡುತ್ತಾರೆ. ಮಾಮೂಲಿ ಗಾಜಾದರೆ ಆ ಕಿರಣವನ್ನೇ ತಡೆದುಬಿಡುತ್ತದೆ. ಬೆಳಕಿಲ್ಲದೆಯೂ ಒಡೆಯುತ್ತದಾ ಎಂದು ಹೋಲಿಸಿ ನೋಡಲು ಇನ್ನೊಂದು ಕೊಳವೆಗೆ ಹಾಳೆ ಸುತ್ತಿ ಕತ್ತಲಲ್ಲಿ ಇಡುತ್ತಾರೆ. ಆಗಾಗ ಒಂದಿಷ್ಟು ನೀರು ತೆಗೆದು, ಅದರಲ್ಲಿ ಬೆರೆತ ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಎಷ್ಟು ಉಳಿದಿದೆ ಎಂದು ನೋಡುತ್ತಾರೆ.

ಎಡವುವುದು ಇಲ್ಲೇ. ದೀಪದ ಕಿರಣ ಸಾಮಾನ್ಯವಾಗಿ 254 ನ್ಯಾನೋಮೀಟರ್ ತರಂಗಾಂತರದ್ದು. ಬಿಸಿಲಿನಲ್ಲಿ ಅದು ಇರುವುದೇ ಇಲ್ಲ. ಸುಮಾರು 290ಕ್ಕಿಂತ ಕೆಳಗಿನದನ್ನು ಓಝೋನ್ ಪದರ ನುಂಗಿಬಿಡುತ್ತದೆ. ದೀಪಕ್ಕೆ ಒಡೆದದ್ದು ರಾಯಚೂರಿನ ಬಿಸಿಲಿಗೂ ಒಡೆಯಬೇಕೆಂದಿಲ್ಲ. ಜಿಗಿಹುಳುವಿಗೆ ಹೊಡೆಯುವ ಇಮಿಡಾಕ್ಲೋಪ್ರಿಡ್ ತಿಳಿನೀರಲ್ಲಿ ಬಿಸಿಲು ಬಿದ್ದರೆ ಕೆಲವೇ ಗಂಟೆಗಳಲ್ಲಿ ಅರ್ಧವಾಗುತ್ತದೆ, ಅದು ನಿಜ. ಆದರೆ ಗದ್ದೆಯ ನೀರು ತಿಳಿ ಎಲ್ಲಿರುತ್ತದೆ? ಕೆಸರು ಬೆಳಕನ್ನು ತಡೆಯುತ್ತದೆ, ಪೈರು ತುಂಬಿಕೊಂಡ ಮೇಲೆ ಕೆಳಗೆಲ್ಲ ನೆರಳು. ಕತ್ತಲಲ್ಲಿ ಅದೇ ಔಷಧಿ ವಾರಗಟ್ಟಲೆ ಕೂರಬಲ್ಲದು.

ಇನ್ನೊಂದು ಪ್ರಶ್ನೆಯನ್ನು ಶುರುವಿನಲ್ಲಿ ಯಾರೂ ಅಷ್ಟಾಗಿ ಕೇಳಲಿಲ್ಲ: ಒಡೆದು ಏನಾಯಿತು? ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಒಡೆಯುವಾಗ ಅದರ ‘ಆಕ್ಸಾನ್’ ರೂಪವೂ ಹುಟ್ಟಬಹುದು. ನರಗಳ ಮೇಲೆ ಅದು ಮೂಲ ಔಷಧಿಗಿಂತ ಜಾಸ್ತಿ ಕಟು. ‘ಎಷ್ಟು ಉಳಿದಿದೆ’ ಎಂದಷ್ಟೇ ನೋಡಿದರೆ ಇದು ಕಾಣುವುದೇ ಇಲ್ಲ. ಹೊಸ ಅಣುಗಳ ತೂಕ ಹಿಡಿಯುವ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು.

ಮನೆಯ ಫಿಲ್ಟರಲ್ಲೂ ಯುವಿ (ಅತಿನೇರಳೆ) ದೀಪ ಇದೆ ಅಲ್ವಾ? ಕ್ರಿಮಿ ಕೊಲ್ಲಲು ಚದರ ಸೆಂಟಿಮೀಟರಿಗೆ 40 ಮಿಲಿಜೌಲ್ ಬೆಳಕಿನ ಶಕ್ತಿ ಆದರೆ ಸಾಕೆನ್ನುತ್ತಾರೆ. ನೆದರ್ಲೆಂಡ್ಸ್‌ನ ಆಂಡೈಕ್ ನೀರಿನ ಘಟಕದಲ್ಲಿ ಕೀಟನಾಶಕ ಒಡೆಯಲೆಂದು 2004ರಲ್ಲಿ ಯುವಿ ಹಾಕಿದಾಗ ಸುಮಾರು 540 ಮಿಲಿಜೌಲ್ ಬೇಕಾಯಿತು, ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್ ಕೂಡ. ಅಡುಗೆಮನೆಯ ಆ ಪುಟ್ಟ ದೀಪದ ಮುಂದೆ ಎಣ್ಣೆ ಹೆಚ್ಚುಕಡಿಮೆ ಹಾಗೇ ದಾಟಿಹೋಗುತ್ತದೆ. ಅಷ್ಟೋ ಇಷ್ಟೋ ತಡೆಯುವುದು ಅದೇ ಯಂತ್ರದ ಇದ್ದಿಲು ಮತ್ತು ಆರ್‌ಒ ಪೊರೆ.