ಹದಿನೇಳನೆಯ ಕುಳಿಯ ಲೆಕ್ಕಾಚಾರ

ಹದಿನೆಂಟು ಕುಳಿಗಳ ಗಾಲ್ಫ್ ಸುತ್ತಿನಲ್ಲಿ ಹದಿನಾರು ಕುಳಿ ಮುಗಿದಾಗ 79 ಹೊಡೆತ. ಉಳಿದ ಎರಡನ್ನು ಹತ್ತರಲ್ಲಿ ಮುಗಿಸಿದರೆ ಮೊದಲ ಬಾರಿಗೆ 90ರೊಳಗೆ ಬಂದಂತಾಗುತ್ತದೆ. ಹವ್ಯಾಸಿ ಗಾಲ್ಫ್ ಆಟಗಾರ ಈ ಲೆಕ್ಕ ಹಾಕಿದ ಗಳಿಗೆಯಿಂದಲೇ ಆಟದ ಲಯ ತಪ್ಪುತ್ತದೆ. ಸಲೀಸಾಗಿ ಬೀಸುತ್ತಿದ್ದ ಕೈ ಬಿಗಿಯುತ್ತದೆ; ಎರಡಡಿಯ ಪಟ್ (ಚೆಂಡನ್ನು ಕುಳಿಯತ್ತ ಉರುಳಿಸುವ ಮೆಲು ಹೊಡೆತ) ಕೂಡ ಕುಳಿಯ ಅಂಚು ಸವರಿ ಆಚೆಗೆ ಉರುಳುತ್ತದೆ.

ಇದನ್ನು ಪುಕ್ಕಲುತನ ಎನ್ನುವುದು ಅನ್ಯಾಯ. ರೂಢಿಯಾದ ಚಲನೆಗೆ ಗಮನದ ಕಾವಲು ಬೇಕಿಲ್ಲ. ಸ್ಕೋರ್ ಹೆದರಿಸಿದಾಗ ಮಾತ್ರ ಮನಸ್ಸು ಮಣಿಕಟ್ಟು, ಮೊಣಕೈ, ಭುಜಗಳನ್ನು ಒಂದೊಂದಾಗಿ ತಪಾಸಣೆ ಮಾಡತೊಡಗುತ್ತದೆ. ಮನೋವಿಜ್ಞಾನಿ ಸಿಯಾನ್ ಬೈಲಾಕ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನುರಿತ ಆಟಗಾರರು ತಮ್ಮ ಬೀಸನ್ನೇ ಗಮನಿಸುತ್ತ ಪಟ್ ಮಾಡಿದಾಗ ಎಡವಿದರು. ಬೇರೊಂದು ಸದ್ದಿಗೆ ಕಿವಿಗೊಟ್ಟು ಹೊಡೆದಾಗ ಅದಕ್ಕಿಂತ ಚೆನ್ನಾಗಿ ಆಡಿದರು. ಹೊಸಬರದು ಇದಕ್ಕೆ ತಿರುವುಮುರುವು: ಅವರಿಗೆ ಆ ಗಮನ ಬೇಕೇ ಬೇಕು.

ಗುರಿಯ ಸಂಖ್ಯೆ ಇನ್ನೊಂದು ಬಗೆಯಲ್ಲೂ ಕಾಡುತ್ತದೆ. ಸಂಶೋಧಕರಾದ ಡೆವಿನ್ ಪೋಪ್ ಮತ್ತು ಮಾರಿಸ್ ಶ್ವೈಟ್ಜರ್ ವೃತ್ತಿಪರರ ಸುಮಾರು 25 ಲಕ್ಷ ಪಟ್‌ಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಷ್ಟೇ ದೂರದಿಂದ ಹೊಡೆದರೂ ಪಾರ್‌ಗಾಗಿ (ಕುಳಿಗೆ ನಿಗದಿಯಾದಷ್ಟೇ ಹೊಡೆತಗಳಲ್ಲಿ ಮುಗಿಸಲು) ಹೊಡೆದ ಚೆಂಡು ಬರ್ಡಿಗಾಗಿ (ಅದಕ್ಕಿಂತ ಒಂದು ಕಡಿಮೆಯಲ್ಲಿ ಮುಗಿಸಲು) ಹೊಡೆದದ್ದಕ್ಕಿಂತ ಹೆಚ್ಚು ಸಲ ಕುಳಿ ಸೇರುತ್ತದೆ. ಒಂದು ಹೊಡೆತ ಗಳಿಸುವ ಆಸೆಗಿಂತ ಒಂದನ್ನು ಕಳೆದುಕೊಳ್ಳುವ ಭಯ ದೊಡ್ಡದು. ಸ್ಕೋರ್ ಕಾರ್ಡಿನ ಮೇಲೆ ಮಾತ್ರ ಎರಡಕ್ಕೂ ಬೆಲೆ ಒಂದೇ!

ಹವ್ಯಾಸಿಗಳನ್ನು ಹೆಚ್ಚು ನೋಯಿಸುವುದು ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟವನ್ನು ಹೊಡೆತಗಳ ಲೆಕ್ಕದಲ್ಲಿ ತೋರಿಸುವ ಸಂಖ್ಯೆ) ಕುರಿತ ತಪ್ಪು ತಿಳಿವಳಿಕೆ ಎಂದು ನನಗೆ ಅನ್ನಿಸುತ್ತದೆ. ಅದನ್ನು ತಮ್ಮ ಸರಾಸರಿ ಎಂದುಕೊಂಡು, ಅದಕ್ಕೆ ತಕ್ಕಂತೆ ಆಡಲಾಗದ ದಿನ ಕುಗ್ಗುತ್ತಾರೆ. 2020ರಿಂದ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಇತ್ತೀಚಿನ 20 ಸುತ್ತುಗಳ ಪೈಕಿ ಅತ್ಯುತ್ತಮವಾದ 8 ಮಾತ್ರ ಲೆಕ್ಕಕ್ಕೆ ಬರುತ್ತವೆ. ಉಳಿದ 12 ಕೆಟ್ಟ ದಿನಗಳಿಗೆ ಅಲ್ಲಿ ಜಾಗವಿಲ್ಲ. ಹಾಗಾಗಿ ಹ್ಯಾಂಡಿಕ್ಯಾಪಿಗಿಂತ ನಾಲ್ಕೈದು ಹೊಡೆತ ಹೆಚ್ಚಾದರೆ ಅದು ತೀರಾ ಮಾಮೂಲಿ ಸುತ್ತು.

ಗುರಿಯೇ ಬೇಡ ಎನ್ನುತ್ತಿಲ್ಲ. 90ರ ಒಳಗೆ ಬರುವ ಆಸೆ ಇಡೀ ವರ್ಷಕ್ಕೆ ಇರಲಿ. ಒಂದು ಸುತ್ತಿನ ಗುರಿ ಮಾತ್ರ ನಮ್ಮ ಕೈಯಲ್ಲಿರುವಂಥದ್ದಾಗಬೇಕು: ಪ್ರತಿ ಹೊಡೆತಕ್ಕೂ ಮೊದಲು ಚೆಂಡು ಬೀಳಬೇಕಾದ ಜಾಗವನ್ನು ಆರಿಸಿಕೊಳ್ಳುವುದು, ಮರಗಳ ನಡುವೆ ಸಿಕ್ಕಿಕೊಂಡಾಗ ಸಾಹಸಕ್ಕಿಳಿಯದೆ ಚೆಂಡನ್ನು ಪಕ್ಕಕ್ಕೆ ತರುವುದು. ಒತ್ತಡವನ್ನೂ ಅಭ್ಯಾಸ ಮಾಡಬಹುದು. ಬೈಲಾಕ್ ಅವರದೇ 2001ರ ಪ್ರಯೋಗದಲ್ಲಿ, ಕ್ಯಾಮೆರಾದ ಮುಂದೆ ಪಟ್ ಕಲಿತವರು ಒತ್ತಡದಲ್ಲಿ ತತ್ತರಿಸಲಿಲ್ಲ. ಕ್ಯಾಮೆರಾ ಇಲ್ಲದಿದ್ದರೆ, ಮುಂದಿನ ಗೆಳೆಯರ ಆಟದಲ್ಲಿ ಕಾರ್ಡನ್ನು ಜೊತೆಗಾರರ ಕೈಗೆ ಕೊಟ್ಟುಬಿಡಿ. ಹದಿನೆಂಟೂ ಮುಗಿದ ಮೇಲೆ ಕೂಡಿಸಿದರಾಯಿತು.