ಆಫ್ ಮಾಡಲಾಗದ ಅಯಸ್ಕಾಂತ

ಎಲೆಕ್ಟ್ರಿಕ್ ಕಾರಿನ ಮೋಟರ್ ಬಿಚ್ಚಿದರೆ ಮುಖ್ಯವಾಗಿ ಕಾಣುವುದು ಎರಡು ಭಾಗ. ಅಲುಗಾಡದ ಸ್ಟೇಟರ್, ಅದರೊಳಗೆ ತಿರುಗುವ ರೋಟರ್. ಸ್ಟೇಟರಿನ ತಾಮ್ರದ ಸುರುಳಿಗಳಿಗೆ ಮೂರು ಫೇಸ್ ಕರೆಂಟ್ ಕೊಟ್ಟರೆ ಅಲ್ಲೊಂದು ಕಾಂತಕ್ಷೇತ್ರ ಸುತ್ತತೊಡಗುತ್ತದೆ. ರೋಟರ್ ಅದರ ಜೊತೆ ಓಡುತ್ತದೆ. ಇಷ್ಟು ಹೆಚ್ಚುಕಡಿಮೆ ಎಲ್ಲ ಕಾರುಗಳಲ್ಲೂ ಒಂದೇ. ರೋಟರಿಗೆ ಕಾಂತಶಕ್ತಿ ಎಲ್ಲಿಂದ ಬರುತ್ತದೆ ಅನ್ನುವುದರಲ್ಲೇ ವ್ಯತ್ಯಾಸ ಇರುವುದು.

ಹಳೆಯ ದಾರಿ ಇಂಡಕ್ಷನ್ ಮೋಟರಿನದು. ನಿಕೋಲಾ ಟೆಸ್ಲಾ ಇದಕ್ಕೆ 1888ರಲ್ಲಿ ಪೇಟೆಂಟ್ ಪಡೆದರು. ರೋಟರಿನಲ್ಲಿ ಅಯಸ್ಕಾಂತ ಇರುವುದಿಲ್ಲ. ಕಬ್ಬಿಣದ ನಡುವೆ ತಾಮ್ರ ಅಥವಾ ಅಲ್ಯೂಮಿನಿಯಂ ಸರಳುಗಳು, ಅಷ್ಟೇ. ಸುತ್ತುವ ಕ್ಷೇತ್ರ ಆ ಸರಳುಗಳಲ್ಲಿ ಕರೆಂಟ್ ಹುಟ್ಟಿಸುತ್ತದೆ, ಆ ಕರೆಂಟಿನಿಂದ ರೋಟರೇ ಅಯಸ್ಕಾಂತವಾಗುತ್ತದೆ. ಗಟ್ಟಿಮುಟ್ಟಾದ ಯಂತ್ರ. ಆದರೆ ಸರಳುಗಳಲ್ಲಿ ಹರಿಯುವ ಕರೆಂಟ್ ಒಂದಷ್ಟು ಶಕ್ತಿಯನ್ನು ಬಿಸಿಯಾಗಿ ಕಳೆಯುತ್ತದೆ. ತಿರುಗುತ್ತಿರುವ ಭಾಗದೊಳಗಿಂದ ಆ ಬಿಸಿಯನ್ನು ಹೊರತೆಗೆಯುವುದೂ ಕಷ್ಟ.

ಹಾಗಾದರೆ ರೋಟರಿಗೆ ಶಾಶ್ವತ ಅಯಸ್ಕಾಂತವನ್ನೇ ಕೂರಿಸಿಬಿಟ್ಟರೆ? 1980ರ ದಶಕದಲ್ಲಿ ಜಪಾನಿನ ಮಸಾಟೊ ಸಗಾವಾ ಮತ್ತು ಅಮೆರಿಕದ ಜನರಲ್ ಮೋಟರ್ಸ್‌ನ ಸಂಶೋಧಕರು ಬೇರೆಬೇರೆಯಾಗಿ ನಿಯೋಡಿಮಿಯಂ ಎಂಬ ಲೋಹ ಬೆರೆತ ಬಲವಾದ ಅಯಸ್ಕಾಂತವನ್ನು ಕಂಡುಹಿಡಿದ ಮೇಲೆ ಈ ದಾರಿ ಚೆನ್ನಾಗಿ ತೆರೆದುಕೊಂಡಿತು. ಮೋಟರ್ ಚಿಕ್ಕದು, ಹಗುರ, ನಷ್ಟ ಕಡಿಮೆ. ಅದೇ ಬ್ಯಾಟರಿಯಲ್ಲಿ ಇನ್ನಷ್ಟು ದೂರ ಹೋಗಬಹುದು. ಸ್ಕೂಟರಿನ ಚಕ್ರದೊಳಗೇ ಕೂರುವ ಬಿಎಲ್‌ಡಿಸಿ (ಬ್ರಷ್‌ಲೆಸ್ ಡಿಸಿ) ಮೋಟರ್ ಕೂಡ ಇದೇ ಜಾತಿಯದು.

ತೊಂದರೆ ಏನೆಂದರೆ, ಈ ಅಯಸ್ಕಾಂತವನ್ನು ಆಫ್ ಮಾಡಲು ಆಗುವುದಿಲ್ಲ. ವೇಗ ಏರಿದಂತೆ ಅದು ಸ್ಟೇಟರ್ ಸುರುಳಿಗಳಲ್ಲಿ ಎದುರು ವೋಲ್ಟೇಜ್ ಹುಟ್ಟಿಸುತ್ತದೆ. ಅದು ಬ್ಯಾಟರಿಯ ವೋಲ್ಟೇಜಿನ ಹತ್ತಿರ ಬಂದಾಗ ಒಳಗೆ ಕರೆಂಟ್ ನುಗ್ಗಿಸುವುದೇ ಕಷ್ಟ. ಆಗ ಅಯಸ್ಕಾಂತದ ಪ್ರಭಾವ ತಗ್ಗಿಸಲೆಂದೇ ಕಂಟ್ರೋಲರ್ ಒಂದಿಷ್ಟು ಕರೆಂಟ್ ಖರ್ಚು ಮಾಡುತ್ತದೆ. ಆಕ್ಸಿಲರೇಟರ್ ಬಿಟ್ಟು ಗಾಡಿ ಸುಮ್ನೆ ಉರುಳುತ್ತಿರುವಾಗಲೂ ಅಯಸ್ಕಾಂತ ಸ್ಟೇಟರಿನ ಕಬ್ಬಿಣವನ್ನು ಎಳೆಯುತ್ತಲೇ ಇರುತ್ತದೆ. ಇಂಡಕ್ಷನ್ ಮೋಟರಿಗೆ ಈ ಕಾಟ ಇಲ್ಲ. ಕರೆಂಟ್ ನಿಂತರೆ ರೋಟರ್ ಬರೀ ಲೋಹ, ಹಗುರಾಗಿ ತಿರುಗುತ್ತದೆ. ಅದಕ್ಕೇ ಟೆಸ್ಲಾ ಕಂಪನಿಯ ಮಾಡೆಲ್ 3ರ ನಾಲ್ಕು ಚಕ್ರ ಚಾಲನೆಯ ಕಾರಿನಲ್ಲಿ ಹಿಂದೆ ಶಾಶ್ವತ ಅಯಸ್ಕಾಂತದ ಮೋಟರ್, ಮುಂದೆ ಇಂಡಕ್ಷನ್ ಮೋಟರ್. ಜಾಸ್ತಿ ಬಲ ಬೇಕಾದಾಗ ಮುಂದಿನದು ಕೈಜೋಡಿಸುತ್ತದೆ, ಬೇಡವಾದಾಗ ಸುಮ್ಮನಿರುತ್ತದೆ. ನನಗೆ ತುಂಬ ಇಷ್ಟವಾದ ಜೋಡಿ ಇದು!

ಬಿಎಂಡಬ್ಲ್ಯು ಐಎಕ್ಸ್3 ಮತ್ತು ರೆನೋ ಜೊಯಿ ಕಾರುಗಳಲ್ಲಿ ಇನ್ನೊಂದು ದಾರಿ ಇದೆ. ರೋಟರಿಗೆ ತಂತಿ ಸುತ್ತಿ, ತಿರುಗುವ ಭಾಗಕ್ಕೆ ತಾಗಿಕೊಂಡೇ ಇರುವ ಬ್ರಷ್ ಮೂಲಕ ಕರೆಂಟ್ ಕೊಡುತ್ತಾರೆ. ಅಯಸ್ಕಾಂತದ ಬಲವನ್ನು ಬೇಕಾದಷ್ಟೇ ಇಟ್ಟುಕೊಳ್ಳಬಹುದು. ನಿಯೋಡಿಮಿಯಮ್ಮೂ ಬೇಡ, ಶಾಖ ತಾಳಲೆಂದು ಅದಕ್ಕೆ ಬೆರೆಸುವ ಡಿಸ್ಪ್ರೋಸಿಯಮ್ಮೂ ಬೇಡ. ಇವುಗಳ ಪೂರೈಕೆ ಹೆಚ್ಚಾಗಿ ಚೀನಾದ ಕೈಯಲ್ಲಿದೆ. ಚೀನಾ 2010ರಲ್ಲಿ ರಫ್ತು ಬಿಗಿ ಮಾಡಿದಾಗ ಬೆಲೆ ಹೇಗೆ ಜಿಗಿಯಿತು ಎಂಬುದು ಮೋಟರ್ ತಯಾರಕರಿಗೆ ಇನ್ನೂ ನೆನಪಿದೆ.